ಕಣ್ಣಿನ ಜಾಗ

ನಮ್ಮ ಕಡೆ ಹೊಸಮನೆ ಎಂದರೆ ಸಾಲದು, ಯಾವ ಊರಿನ ಹೊಸಮನೆ ಎಂದೂ ಹೇಳಬೇಕು. ಶಿವಮೊಗ್ಗದಲ್ಲಿ ಒಂದು ಹೊಸಮನೆ, ಭದ್ರಾವತಿಯಲ್ಲಿ ಒಂದು ಹೊಸಮನೆ. ನಾನು ಹುಟ್ಟಿದ್ದು ಭದ್ರಾವತಿಯದರಲ್ಲಿ, ಮದುವೆಯಾಗಿ ಬಂದು ಸೇರಿದ್ದು ಶಿವಮೊಗ್ಗದ್ದರಲ್ಲಿ. 'ಹೊಸಮನೆಯಿಂದ ಹೊಸಮನೆಗೆ ಹೋದವಳು' ಎಂದು ನನ್ನ ಅಣ್ಣಂದಿರು ಇವತ್ತಿಗೂ ನಗುತ್ತಾರೆ. ಹೆಸರಿನಲ್ಲಿ ಹೊಸದಿದ್ದರೂ ಎರಡೂ ಕಡೆ ನಾನು ಬಾಳಿದ ಮನೆಗಳು ಹಳೆಯವೇ. ಮುಂದೆ ಜಗಲಿ, ನಡುವೆ ಒಂದು ಕತ್ತಲೆ ಕೋಣೆ, ಕೊನೆಯಲ್ಲಿ ಅಡುಗೆಮನೆ.

ಆ ಕಾಲದ ಅಡುಗೆಮನೆಗಳು ನಿಮಗೂ ನೆನಪಿರಬಹುದು. ಭದ್ರಾವತಿಯ ನಮ್ಮ ಮನೆಯಲ್ಲಿ ಒಲೆಯ ಮೇಲ್ಗಡೆ, ಏಳಡಿ ಎತ್ತರದಲ್ಲಿ, ಒಂದು ಗವಾಕ್ಷಿ ಇತ್ತು. ಅದು ಹೊಗೆ ಹೋಗಲಿಕ್ಕೆ ಇಟ್ಟದ್ದು, ಅಮ್ಮ ನೋಡಲಿಕ್ಕಲ್ಲ. ಬೀದಿಯಲ್ಲಿ ಯಾರು ಹೋದರು ಎಂಬುದನ್ನು ಅಮ್ಮ ಕಿವಿಯಿಂದಲೇ ಹೇಳುತ್ತಿದ್ದಳು. ಚಪ್ಪಲಿಯ ಸದ್ದು, ಸೈಕಲ್ಲಿನ ಗಂಟೆ, ಒಂದು ಕೆಮ್ಮು, ಅಷ್ಟು ಸಾಕು ಅವಳಿಗೆ. 'ಸೊಪ್ಪಿನವಳು ಬಂದಳೇನೋ, ದಂಟು ಎಳೆಯದಿದೆಯಾ ನೋಡೇ' ಎಂದು ನನ್ನನ್ನು ಹೊರಗೆ ಓಡಿಸುತ್ತಿದ್ದಳು. ಸೊಪ್ಪು ಬೇಕಾದದ್ದು ಅವಳಿಗೆ, ನೋಡುವ ಕೆಲಸ ನನ್ನದು.

ಅಪ್ಪನದು ಬೇರೆಯೇ ಲೋಕ. 1923ರಲ್ಲಿ ಕಬ್ಬಿಣ ಕರಗಿಸಲು ಆರಂಭಿಸಿದ ಭದ್ರಾವತಿಯ ಕಾರ್ಖಾನೆಯಲ್ಲಿ ಅವರು ಕ್ರೇನ್ ಓಡಿಸುತ್ತಿದ್ದರು. ಛಾವಣಿಯ ಕೆಳಗೆ, ಎರಡು ಹಳಿಗಳ ಮೇಲೆ ಆ ತುದಿಯಿಂದ ಈ ತುದಿಗೆ ಸರಿಯುವ ಕ್ರೇನ್ ಅದು. 'ಓಡಿಸುವವನ ಕೋಣೆಯನ್ನು ತೊಲೆಯ ಮೇಲಿಡದೆ ಕೆಳಗೆ ಯಾಕೆ ನೇತು ಹಾಕಿರ್ತಾರೆ ಗೊತ್ತಾ?' ಎಂದು ಊಟಕ್ಕೆ ಕೂತಾಗ ಕೇಳುತ್ತಿದ್ದರು. ಉತ್ತರವನ್ನೂ ಅವರೇ ಹೇಳುತ್ತಿದ್ದರು: 'ಕೊಕ್ಕೆಯಲ್ಲಿ ನೇತಾಡೋ ಭಾರ, ಕೆಳಗೆ ನಿಂತಿರೋ ಮನುಷ್ಯ, ಎರಡೂ ನನ್ನ ಕಣ್ಣಿಗೆ ಬೀಳಬೇಕು.' ಅಪ್ಪನ ಕಣ್ಣಿಗಾಗಿ ಯಾರೋ ಎಂಜಿನಿಯರು ತಲೆ ಕೆಡಿಸಿಕೊಂಡಿದ್ದರು. ಅದೇ ಮನೆಯಲ್ಲಿ ಕುದಿಯುವ ಎಸರಿನ ಮುಂದೆ ದಿನಕ್ಕೆ ಎಂಟು ಗಂಟೆ ನಿಲ್ಲುತ್ತಿದ್ದ ಅಮ್ಮನ ಕಣ್ಣು ಎಲ್ಲಿರುತ್ತದೆ ಎಂದು ಮನೆ ಕಟ್ಟಿದವರು ಯಾರೂ ಕೇಳಿರಲಿಲ್ಲ.

ಇದನ್ನೆಲ್ಲ ಈಗ ಯಾಕೆ ಹೇಳುತ್ತಿದ್ದೇನೆಂದರೆ, ನನ್ನ ತಂಗಿಯ ಮಗಳು ಮಾಡುವ ಕೆಲಸದ ಬಗ್ಗೆ ಬರೆಯಬೇಕೆಂದಿದ್ದೇನೆ. ಅವಳು ಬೆಂಗಳೂರಿನಲ್ಲಿ ವಿಮಾನಗಳ ವಿನ್ಯಾಸ ಮಾಡುವ ಒಂದು ಕಚೇರಿಯಲ್ಲಿದ್ದಾಳೆ. ಯುದ್ಧವಿಮಾನದ ಪೈಲಟ್ ಕೂರುವ ಜಾಗ, ಅಂದರೆ ಕಾಕ್‌ಪಿಟ್, ಅವಳ ವಿಭಾಗ. 'ಅಲ್ಲಿ ಕೂತವರಿಗೆ ಹೊರಗಡೆ ಎಷ್ಟು ಕಾಣುತ್ತೆ, ಎಲ್ಲಿ ಕಾಣಲ್ಲ ಅಂತ ಲೆಕ್ಕ ಹಾಕೋದು ದೊಡ್ಡಮ್ಮ' ಎಂದಳು ಒಮ್ಮೆ, ಯುಗಾದಿಗೆ ಬಂದಾಗ.

'ಗಾಜಿದ್ದರೆ ಕಾಣುತ್ತೆ. ಅದಕ್ಕೇನೇ ಲೆಕ್ಕ?' ಎಂದೆ.

ಅವಳು ಮೇಜಿನ ಮೇಲಿದ್ದ ಮದುವೆಯ ಕರೆಯೋಲೆಯನ್ನು ತಿರುಗಿಸಿ, ಪೆನ್ಸಿಲಿನಿಂದ ಅದರ ಬೆನ್ನಿನ ಮೇಲೆ ಒಂದು ಚಿಕ್ಕ ಕೂಡಿಸುವ ಚಿಹ್ನೆ ಬರೆದಳು. 'ಇದು ಪೈಲಟ್‌ನ ಕಣ್ಣು. ಮೊದಲು ಇದನ್ನು ಹಾಕ್ತೀವಿ. ವಿಮಾನದ ಈ ಭಾಗದ ಮಿಕ್ಕ ನಕ್ಷೆಯೆಲ್ಲ ಇದರ ಸುತ್ತ ಬೆಳೆಯುತ್ತೆ.' ಆ ಚಿಹ್ನೆಯಿಂದ ಮುಂದಕ್ಕೆ, ಕೆಳಕ್ಕೆ, ಪಕ್ಕಕ್ಕೆ, ಹಿಂದಕ್ಕೆ ಗೆರೆಗಳನ್ನು ಎಳೆದಳು. ಮುಂದಿನ ಗೆರೆ ವಿಮಾನದ ಮೂತಿಗೆ ತಾಗದೆ ಎಷ್ಟು ಕೆಳಗಿಳಿಯುತ್ತದೋ ಅಷ್ಟು ನೆಲ ಪೈಲಟ್‌ಗೆ ಕಾಣುತ್ತದೆ. ಪಕ್ಕದ ಗೆರೆ ಕಾಕ್‌ಪಿಟ್‌ನ ಅಂಚು ದಾಟಿ ಎಷ್ಟು ಇಳಿಯುತ್ತದೋ ಅಷ್ಟು ಪಕ್ಕದ ನೋಟ. ಅಮೆರಿಕದ ಎಫ್-16 ವಿಮಾನದಲ್ಲಿ ಮೂತಿಯ ಮೇಲಿಂದ ಹದಿನೈದು ಡಿಗ್ರಿ, ಪಕ್ಕದಿಂದ ನಲವತ್ತು ಡಿಗ್ರಿ ಕೆಳಗಿನವರೆಗೆ ಕಾಣುತ್ತದಂತೆ. ಅದರ ಗಾಜಿನ ಮುಚ್ಚಳದಲ್ಲಿ ಪೈಲಟ್‌ನ ಮುಂದೆ ಒಂದು ಕಂಬವೂ ಇಲ್ಲ, ಸೋಪಿನ ಗುಳ್ಳೆಯ ಹಾಗೆ ಒಂದೇ ಉಬ್ಬು.

ಗೆರೆ ಎಳೆದದ್ದು ಸರಿ, ಆದರೆ ಎಲ್ಲ ಪೈಲಟ್‌ಗಳ ಕಣ್ಣೂ ಆ ಚಿಹ್ನೆಯಲ್ಲಿಯೇ ಇರುತ್ತದೆಯೇ? ಇರುವುದಿಲ್ಲ. ಅದಕ್ಕೇ ಆಸನ ಮೇಲೆ ಕೆಳಗೆ ಸರಿಯುತ್ತದೆ. ಗಿಡ್ಡ ಇದ್ದವರು ಆಸನ ಏರಿಸಿಕೊಂಡು, ಉದ್ದ ಇದ್ದವರು ಇಳಿಸಿಕೊಂಡು, ತಮ್ಮ ಕಣ್ಣನ್ನು ಆ ಜಾಗಕ್ಕೆ ತರಬೇಕು. ಹಲವು ಪ್ರಯಾಣಿಕ ವಿಮಾನಗಳಲ್ಲಿ ಇದಕ್ಕೆಂದೇ ಮುಂದಿನ ಗಾಜಿನ ನಡುಗಂಬದ ಮೇಲೆ ಪುಟ್ಟ ಪುಟ್ಟ ಗುಂಡುಗಳಿರುತ್ತವೆ. ಕೂತವರ ಕಣ್ಣಿಗೆ ಒಂದು ಗುಂಡು ಇನ್ನೊಂದನ್ನು ಸರಿಯಾಗಿ ಮುಚ್ಚಿದರೆ ಕಣ್ಣು ಜಾಗಕ್ಕೆ ಬಂತೆಂದು ಅರ್ಥ. ಕೇಳಿ ನನಗೆ ಖುಷಿಯಾಯಿತು. ಯಾಕೆಂದರೆ ಇಂಥದೊಂದು ಕೆಲಸವನ್ನು ನಾನೂ ಮಾಡಿದ್ದೆ.

1991ರಲ್ಲಿ ನಾವು ಶಿವಮೊಗ್ಗದ ಮನೆಯ ಹಿಂಭಾಗ ಕೆಡವಿ ಕಟ್ಟಿಸಿದೆವು. ಮೇಸ್ತ್ರಿ ದಾರ ಹಿಡಿದು, 'ಅಡುಗೆಮನೆ ಕಿಟಕಿ ಎಷ್ಟು ಎತ್ತರಕ್ಕೆ ಸಾರ್?' ಎಂದು ನಮ್ಮವರನ್ನು ಕೇಳಿದ. 'ಮಾಮೂಲಿ' ಎಂದರು ಇವರು. ಇವರು ಐದು ಅಡಿ ಒಂಬತ್ತು ಅಂಗುಲ, ನಾನು ನಾಲ್ಕು ಅಡಿ ಹನ್ನೊಂದು. ನಾನು ಒಳಗೆ ಹೋಗಿ, ಒಲೆ ಬರುವ ಜಾಗದಲ್ಲಿ ನಿಂತು, 'ಇಲ್ಲಿ ಬಾಪ್ಪಾ, ನನ್ನ ಕಣ್ಣಿನ ನೇರಕ್ಕೆ ಸುಣ್ಣದಲ್ಲಿ ಗುರುತು ಹಾಕು. ಕಿಟಕಿಯ ನಡುಭಾಗ ಅಲ್ಲಿಗೆ ಬರಲಿ' ಎಂದೆ. ಮೇಸ್ತ್ರಿ ಇವರ ಮುಖ ನೋಡಿದ. ಅತ್ತೆ ಹಿತ್ತಿಲಿನಿಂದಲೇ, 'ಒಗ್ಗರಣೆ ಹಾಕೋಕೆ ಬೀದಿ ಯಾಕೆ ಕಾಣಬೇಕೋ' ಎಂದರು. ಆದರೂ ಗುರುತು ಬಿತ್ತು, ಕಿಟಕಿ ಬಂತು. ಮಕ್ಕಳು ಶಾಲೆಯಿಂದ ತಿರುವಿಗೆ ಬರುವಾಗಲೇ ನನಗೆ ಕಾಣುತ್ತಿದ್ದರು. ಅತ್ತೆಯವರೂ ಕಡೆಗಾಲದಲ್ಲಿ ಹುರುಳಿಕಾಯಿ ಸೋಸಲು ಸ್ಟೂಲು ಹಾಕಿಕೊಂಡು ಅಲ್ಲೇ ಕೂರುತ್ತಿದ್ದರು. ಯಾಕೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮುಂದಿನ ಸಲ ಬೆಂಗಳೂರಿಗೆ ಹೋದಾಗ ಹುಡುಗಿ ನನ್ನನ್ನು ಎಚ್.ಎ.ಎಲ್.ನ ವಿಮಾನ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋದಳು. 2001ರಲ್ಲಿ ತೆರೆದದ್ದು, ಯಾರು ಬೇಕಾದರೂ ಟಿಕೆಟ್ ತೆಗೆದುಕೊಂಡು ನೋಡಬಹುದು. ಸೀರೆ ಅಂಗಡಿಯಲ್ಲಿ ಗಂಡಸರು ನಿಲ್ಲುವ ಹಾಗೆ ನಾನು ಆ ವಿಮಾನಗಳ ಮುಂದೆ ನಿಂತಿದ್ದೆ. ಅವಳು ಮಾತ್ರ ಒಂದೊಂದನ್ನೂ 'ಇದರಲ್ಲಿ ಏನು ಕಾಣುತ್ತೆ, ಏನು ಕಾಣಲ್ಲ' ಎಂಬ ಒಂದೇ ಪ್ರಶ್ನೆ ಹಿಡಿದು ವಿವರಿಸಿದಳು. ಆಮೇಲೆ ನನಗೂ ರುಚಿ ಹತ್ತಿತು.

ಎಚ್.ಟಿ.-2 ಎಂಬುದು ಡಾ. ವಿ.ಎಂ. ಘಾಟಗೆಯವರ ಮುಂದಾಳತನದಲ್ಲಿ ಬೆಂಗಳೂರಿನಲ್ಲೇ ರೂಪಿಸಿದ ತರಬೇತಿ ವಿಮಾನ, 1951ರಲ್ಲಿ ಹಾರಿತು. ಅದಕ್ಕೆ ಮುಂದೆ ಎರಡು ದೊಡ್ಡ ಚಕ್ರ, ಬಾಲದ ಕೆಳಗೆ ಒಂದು ಚಿಕ್ಕ ಚಕ್ರ. ಹಾಗಾಗಿ ನೆಲದ ಮೇಲೆ ಅದು ಬಾಲ ಊರಿ, ಮೂತಿ ಎತ್ತಿ ನಿಲ್ಲುತ್ತದೆ. ಇಂಥ ವಿಮಾನದಲ್ಲಿ ಕೂತವರಿಗೆ ನೆಲದ ಮೇಲೆ ಎದುರಿಗೆ ಕಾಣುವುದು ಎಂಜಿನ್ನಿನ ಬೆನ್ನು, ಅದರಾಚೆ ಆಕಾಶ. ಅದಕ್ಕೇ ಇವನ್ನು ನೆಲದ ಮೇಲೆ ನಡೆಸುವಾಗ ಹಾವಿನ ಹಾಗೆ ಅತ್ತ ಇತ್ತ ತಿರುಗಿಸುತ್ತ, ಪಕ್ಕದಿಂದ ದಾರಿ ನೋಡಿಕೊಳ್ಳುತ್ತ ಹೋಗುವುದು ಪೈಲಟ್‌ಗಳ ರೂಢಿ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಬರುವ ಹೆಂಗಸರು ಹೊರೆಯನ್ನು ವಾಲಿಸಿ ದಾರಿ ನೋಡುತ್ತಾರಲ್ಲ, ಹಾಗೆ.

1964ರಲ್ಲಿ ಮೊದಲು ಹಾರಿದ ಕಿರಣ್ ವಿಮಾನದಲ್ಲಿ ಗುರು ಶಿಷ್ಯರಿಬ್ಬರೂ ಅಕ್ಕಪಕ್ಕ ಕೂರುತ್ತಾರೆ. ಕೈಹಿಡಿದು ಕಲಿಸಲು ಒಳ್ಳೆಯದು, ಶಿಷ್ಯನ ಮುಖದ ಗಾಬರಿಯೂ ಗುರುವಿಗೆ ಕಾಣುತ್ತದೆ. ಆದರೆ ಪ್ರತಿಯೊಬ್ಬನಿಗೂ ಒಂದು ಪಕ್ಕದಲ್ಲಿ ಇನ್ನೊಬ್ಬನ ತಲೆ ಅಡ್ಡ. ಯುದ್ಧವಿಮಾನದವರಿಗೆ ಕಲಿಸುವ ಹಾಕ್‌ನಂಥ ವಿಮಾನಗಳಲ್ಲಿ ಒಬ್ಬರ ಹಿಂದೆ ಒಬ್ಬರು ಕೂರುತ್ತಾರೆ. ಹಿಂದಿನ ಆಸನ ಮೆಟ್ಟಿಲಿನ ಹಾಗೆ ಎತ್ತರ, ಶಿಷ್ಯನ ತಲೆಯ ಮೇಲಿಂದ ಗುರುವಿಗೆ ದಾರಿ ಕಾಣಲೆಂದು. ನಾಟಕದ ಕೊಟ್ಟಿಗೆಯಲ್ಲಿ ಹಿಂದಿನ ಸಾಲನ್ನು ಎತ್ತರಿಸುವುದೂ ಇದೇ ಕಾರಣಕ್ಕೆ ತಾನೇ? ಮಿಗ್-21ರ ಎರಡು ಆಸನದ ವಿಮಾನದಲ್ಲಿ ಈ ಎತ್ತರ ಸಾಲದೆ, ಹಿಂದೆ ಕೂತ ಗುರುವಿಗೆ ಮುಂದಿನದು ಕಾಣಲು ಕನ್ನಡಿ ಕೂಡಿಸಿದ ಪೆರಿಸ್ಕೋಪ್ ಇಟ್ಟಿದ್ದರು. ಜಲಾಂತರ್ಗಾಮಿಯಲ್ಲಿ ಇರುತ್ತದೆ ಎಂದು ಶಾಲೆಯಲ್ಲಿ ಓದಿದ್ದ ಸಾಮಾನು ಆಕಾಶದಲ್ಲಿಯೂ ಇತ್ತು.

ಮಿಗ್-21 ವೇಗಕ್ಕೆಂದೇ ಮಾಡಿದ್ದು. ವೇಗ ಬೇಕೆಂದರೆ ಗಾಳಿಗೆ ಅಡ್ಡ ಬರುವ ಉಬ್ಬು ಕಡಿಮೆ ಇರಬೇಕು. ಹಾಗಾಗಿ ಪೈಲಟ್‌ನ ಬೆನ್ನ ಹಿಂದೆ ವಿಮಾನದ ಬೆನ್ನು ಎದ್ದು ನಿಂತು, ಹಿಂದಿನ ನೋಟ ಬಹಳ ಕಡಿಮೆ. ಕಾಳಗದಲ್ಲಿ ಶತ್ರು ಬರುವುದೇ ಹಿಂದಿನಿಂದ. ಪೂರ್ತಿ ಉಬ್ಬಿದ ಗಾಜಿನ ಮುಚ್ಚಳ ಹಾಕಿದರೆ ಸುತ್ತಲೂ ಕಾಣುತ್ತದೆ, ಆದರೆ ವೇಗಕ್ಕೆ ಸ್ವಲ್ಪ ಪೆಟ್ಟು. ಗಾಜು ದೊಡ್ಡದಾದಷ್ಟೂ ಅದು ಗಟ್ಟಿ ಇರಬೇಕು, ಎದುರಿಗೆ ಹಕ್ಕಿ ಬಂದು ಬಡಿದರೆ ತಡೆಯಬೇಕು, ಉಬ್ಬಿನಲ್ಲಿ ನೋಟ ಸೊಟ್ಟಗಾಗಬಾರದು. ಮೇಲಾಗಿ ಅಪಾಯದಲ್ಲಿ ಪೈಲಟ್ ಆಸನ ಸಮೇತ ಮೇಲಕ್ಕೆ ಚಿಮ್ಮಬೇಕಾದಾಗ ಅದೇ ಗಟ್ಟಿ ಮುಚ್ಚಳ ಕ್ಷಣಮಾತ್ರದಲ್ಲಿ ದಾರಿ ಬಿಡಬೇಕು. 'ಒಂದು ಕೊಟ್ಟರೆ ಒಂದು ಕಿತ್ತುಕೊಳ್ಳುತ್ತೆ ದೊಡ್ಡಮ್ಮ, ಸಂಸಾರದ ಹಾಗೆ' ಎಂದಳು ಹುಡುಗಿ. ಮದುವೆಯಾಗಿ ಎರಡು ವರ್ಷವಾಗಿತ್ತು ಅವಳಿಗೆ. ಅಂದಹಾಗೆ ಆ ಮಿಗ್-21ಗಳಿಗೆ ನಮ್ಮ ವಾಯುಪಡೆ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಡುಗೆ ಕೊಟ್ಟಿತು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ತೇಜಸ್‌ನ ಮೂತಿಯ ಕತೆ. ತೇಜಸ್ 2001ರ ಜನವರಿ 4ರಂದು ಬೆಂಗಳೂರಿನ ಆಕಾಶದಲ್ಲಿ ಮೊದಲ ಸಲ ಹಾರಿದ ನಮ್ಮ ಯುದ್ಧವಿಮಾನ. ಅದರ ರೆಕ್ಕೆ ತ್ರಿಕೋನದ್ದು. ಅಂಥ ರೆಕ್ಕೆಯ ವಿಮಾನ ನಿಧಾನವಾಗಿ ಇಳಿಯುವಾಗ ಮೂತಿಯನ್ನು ಎತ್ತಿಕೊಂಡೇ ಇಳಿಯಬೇಕು, ಬಿಂಕದ ಹೆಣ್ಣು ಗಲ್ಲ ಎತ್ತಿಕೊಂಡು ಬರುವಂತೆ. ಎತ್ತಿದ ಮೂತಿ ಇಳಿಯುವ ಜಾಗವನ್ನೇ ಮರೆ ಮಾಡುತ್ತದೆ. ನೆಲದ ಮೇಲೆ ಉದ್ದಕ್ಕೆ ರನ್‌ವೇ ಇದೆ, ಹೇಗೋ ನಡೆಯುತ್ತದೆ. ಆದರೆ ನೌಕಾಪಡೆಯ ಪೈಲಟ್ ಇಳಿಯುವುದು ನಡುಸಮುದ್ರದಲ್ಲಿ ತೇಲುವ ಹಡಗಿನ ಮೇಲೆ. ಅವನಿಗೆ ಹಡಗಿನ ಅಟ್ಟ ಕಡೆಯ ಕ್ಷಣದವರೆಗೂ ಕಾಣಬೇಕು. ಅದಕ್ಕೇ ನೌಕಾಪಡೆಗೆಂದು ಮಾಡಿದ ತೇಜಸ್‌ಗೆ ಮೂತಿಯನ್ನು ಕೆಳಕ್ಕೆ ಬಾಗಿಸಿದರು. ಅದು 2012ರ ಏಪ್ರಿಲ್ 27ರಂದು ಮೊದಲು ಹಾರಿತು. 2020ರ ಜನವರಿ 11ರಂದು ವಿಕ್ರಮಾದಿತ್ಯ ಹಡಗಿನ ಮೇಲೆ ಇಳಿಯಿತು. ಪ್ರಯಾಣಿಕರ ಕಾಂಕಾರ್ಡ್ ವಿಮಾನಕ್ಕೂ ಇದೇ ತೊಡಕಿತ್ತು. ಅದರ ಉದ್ದ ಮೂತಿಯನ್ನು ಇಳಿಯುವಾಗ ಹನ್ನೆರಡೂವರೆ ಡಿಗ್ರಿ ಕೆಳಕ್ಕೆ ಮಡಿಸುತ್ತಿದ್ದರು. ಒಬ್ಬ ಮನುಷ್ಯನ ಕಣ್ಣಿಗೆ ದಾರಿ ಕಾಣಲೆಂದು ಅಷ್ಟು ದೊಡ್ಡ ವಿಮಾನ ತಲೆ ತಗ್ಗಿಸುತ್ತಿತ್ತು!

ಇಷ್ಟು ಓದಿದ ಮೇಲೆ ನೀವೂ ಒಂದು ಪರೀಕ್ಷೆ ಮಾಡಿ ನೋಡಿ. ಒಂದು ಬಾಚಣಿಗೆಯನ್ನು ನೆಟ್ಟಗೆ ಹಿಡಿದು, ಎರಡೂ ಕಣ್ಣು ತೆರೆದು, ಎದುರು ಗೋಡೆಯ ಕ್ಯಾಲೆಂಡರ್ ನೋಡಿ. ಬಾಚಣಿಗೆ ಅಡ್ಡವಿದ್ದರೂ ತಾರೀಖು ಕಾಣುತ್ತದೆ. ಎಡಗಣ್ಣಿಗೆ ಮರೆಯಾದದ್ದನ್ನು ಬಲಗಣ್ಣು ನೋಡುತ್ತದೆ. ಈಗ ಬಾಚಣಿಗೆಯ ಬದಲು ಅಂಗೈಯನ್ನು ಅಡ್ಡ ಹಿಡಿಯಿರಿ. ಒಂದಿಷ್ಟು ಜಾಗ ಎರಡೂ ಕಣ್ಣಿಗೆ ಇಲ್ಲವಾಗುತ್ತದೆ. ನಮ್ಮ ಎರಡು ಕಣ್ಣುಗಳ ನಡುವಿನ ಅಂತರ ಸುಮಾರು ಆರೂಕಾಲು ಸೆಂಟಿಮೀಟರ್. ಅಡ್ಡ ಇರುವುದು ಅದಕ್ಕಿಂತ ತೆಳುವಾಗಿದ್ದರೆ ಎರಡು ಕಣ್ಣು ಸೇರಿ ಅದನ್ನು ಗೆಲ್ಲುತ್ತವೆ, ಅಗಲವಾಗಿದ್ದರೆ ಸೋಲುತ್ತವೆ. ಕಾಕ್‌ಪಿಟ್‌ನ ಗಾಜಿಗೆ ಚೌಕಟ್ಟಿನ ಕಂಬ ಹಾಕಲೇಬೇಕಾದಾಗ ವಿನ್ಯಾಸಕಾರರು ಈ ಬಾಚಣಿಗೆಯ ನ್ಯಾಯವನ್ನೇ ಪಾಲಿಸಲು ನೋಡುತ್ತಾರೆ.

ಒಂದು ಕಂಬಕ್ಕೆ ಇಷ್ಟು ರಗಳೆ ಯಾಕೆ ಎಂದರೆ, ಅದಕ್ಕೊಂದು ಭಯಂಕರ ಕಾರಣವಿದೆ. ಎರಡು ವಿಮಾನಗಳು ನೇರ ದಾರಿಯಲ್ಲಿ, ಒಂದೇ ವೇಗದಲ್ಲಿ, ಡಿಕ್ಕಿಯ ಕಡೆಗೇ ಸಾಗುತ್ತಿವೆ ಎಂದಿಟ್ಟುಕೊಳ್ಳಿ. ಆಗ ಆ ಇನ್ನೊಂದು ವಿಮಾನ ನಮ್ಮ ಗಾಜಿನ ಮೇಲೆ ಅತ್ತಿತ್ತ ಸರಿಯುವುದೇ ಇಲ್ಲ. ಒಂದೇ ಕಡೆ ಸೊಳ್ಳೆಯ ಹಾಗೆ ಕೂತಿರುತ್ತದೆ, ಕೂತಲ್ಲೇ ದೊಡ್ಡದಾಗುತ್ತದೆ. ಸರಿದಾಡುವುದು ಕಣ್ಣಿಗೆ ಬೇಗ ಬೀಳುತ್ತದೆ, ಸುಮ್ಮನಿರುವುದು ಬೀಳುವುದಿಲ್ಲ. ಆ ಸುಮ್ಮನಿರುವ ಚುಕ್ಕೆ ಕಂಬದ ಮರೆಯಲ್ಲೇ ಇದ್ದುಬಿಟ್ಟರೆ ಕಡೆಯವರೆಗೂ ಮರೆಯಲ್ಲೇ ಇರುತ್ತದೆ. ಅದಕ್ಕೇ ಪೈಲಟ್‌ಗಳಿಗೆ ತಲೆಯನ್ನು ಆಗಾಗ ಅತ್ತಿತ್ತ ಆಡಿಸಿ ಕಂಬದ ಹಿಂದೆ ಇಣುಕಲು ಕಲಿಸುತ್ತಾರೆ. ಇದನ್ನು ಕೇಳಿದ ಮೇಲೆ ರಸ್ತೆ ದಾಟುವಾಗ ನಾನು ಎದುರು ಬರುವ ಕಾರಿನ ಗಾಜು ನೋಡುತ್ತೇನೆ. ಓಡಿಸುವವರ ಮುಖ ನನಗೆ ಕಾಣದಿದ್ದರೆ, ನಾನೂ ಅವರಿಗೆ ಕಾಣುತ್ತಿಲ್ಲ ಎಂದು ನಿಂತುಬಿಡುತ್ತೇನೆ.

ರಾತ್ರಿಯದು ಇನ್ನೊಂದು ಪಾಡು. ಟ್ಯೂಬ್‌ಲೈಟ್ ಹಾಕಿದ ಅಡುಗೆಮನೆಯ ಕಿಟಕಿಯಲ್ಲಿ ರಾತ್ರಿ ಹೊರಗೇನೂ ಕಾಣದೆ ನಮ್ಮ ಮುಖವೇ ನಮಗೆ ಕಾಣುತ್ತದಲ್ಲ, ಕಾಕ್‌ಪಿಟ್‌ನಲ್ಲಿಯೂ ಹಾಗೆಯೇ. ಒಳಗಿನ ದೀಪಗಳು ಗಾಜಿನಲ್ಲಿ ಮಿಂಚಿ ಹೊರಗಿನ ನೋಟ ಕೆಡಿಸುತ್ತವೆ. ಅದಕ್ಕೇ ಮೀಟರುಗಳ ಮೇಲೆ ಮೋಟು ಸೂರಿನಂಥ ಕಪ್ಪು ಮರೆ, ಹೊಳಪಿಲ್ಲದ ಬಣ್ಣ, ಬೇಕಾದಷ್ಟೇ ಮಂದ ಬೆಳಕು. ಇನ್ನು ಮೀಟರು ನೋಡಲು ತಲೆ ತಗ್ಗಿಸಿದರೆ ಆ ಗಳಿಗೆ ಹೊರಗಿನದು ತಪ್ಪುತ್ತದೆ. ಆದ್ದರಿಂದ ವೇಗ, ಎತ್ತರ ಮೊದಲಾದ ಅಂಕಿಗಳನ್ನು ಕಣ್ಣೆದುರಿನ ಓರೆ ಗಾಜಿನ ಮೇಲೆ ಬೆಳಕಿನಲ್ಲಿ ಮೂಡಿಸುತ್ತಾರೆ. ಅವು ಹತ್ತಿರದ ಗಾಜಿನಲ್ಲಿದ್ದರೂ ದೂರದ ಆಕಾಶದಲ್ಲಿ ಬರೆದಂತೆ ಕಾಣುತ್ತವೆ. ಹಾಗಾಗಿ ಹತ್ತಿರದ್ದಕ್ಕೆ ಒಮ್ಮೆ, ದೂರದ್ದಕ್ಕೆ ಒಮ್ಮೆ ಕಣ್ಣು ಹೊಂದಿಸುವ ಕಷ್ಟವಿಲ್ಲ. ತೇಜಸ್‌ಗೆ ಇದನ್ನು ಮಾಡಿಕೊಟ್ಟದ್ದು ಚಂಡೀಗಢದ ವೈಜ್ಞಾನಿಕ ಉಪಕರಣಗಳ ಸಂಸ್ಥೆ. ಚಾಳೀಸು ಬಂದು ಸೂಜಿಗೆ ಒಂದು ಕನ್ನಡಕ, ಟೀವಿಗೆ ಒಂದು ಕನ್ನಡಕ ಎಂದು ಒದ್ದಾಡುವ ನನಗೆ ಇದರ ಬೆಲೆ ಚೆನ್ನಾಗಿ ತಿಳಿಯಿತು.

ಇಷ್ಟೆಲ್ಲ ಕೇಳಿದ ಮೇಲೆ ನನ್ನ ಮನಸ್ಸಿನಲ್ಲಿ ಉಳಿದದ್ದು ಒಂದೇ ಪ್ರಶ್ನೆ. ಕರೆಯೋಲೆಯ ಹಿಂದೆ ಅವಳು ಬರೆದ ಆ ಪುಟ್ಟ ಚಿಹ್ನೆ ಯಾರ ಕಣ್ಣು?

'ಸರಾಸರಿ ಮನುಷ್ಯನದು ಅಂತ ಮೊದಲು ಹೇಳ್ತಿದ್ರು' ಎಂದಳು. ಆ ಸರಾಸರಿ ಮನುಷ್ಯನ ಕತೆ ಕೇಳುವಂಥದ್ದು. 1950ರಲ್ಲಿ ಅಮೆರಿಕದ ವಾಯುಪಡೆ ನಾಲ್ಕು ಸಾವಿರಕ್ಕೂ ಹೆಚ್ಚು, ಸರಿಯಾಗಿ 4,063, ಪೈಲಟ್‌ಗಳ ಮೈಯಳತೆ ತೆಗೆಸಿತು. ಅದರಲ್ಲಿ ಗಿಲ್ಬರ್ಟ್ ಡೇನಿಯಲ್ಸ್ ಎಂಬ ಎಳೆಯ ಅಧಿಕಾರಿ ಎತ್ತರ, ಎದೆ, ತೋಳು ಮುಂತಾದ ಹತ್ತು ಅಳತೆಗಳನ್ನು ಆರಿಸಿಕೊಂಡು, ಹತ್ತರಲ್ಲಿಯೂ ಸರಾಸರಿಗೆ ಹತ್ತಿರ ಇರುವವರು ಎಷ್ಟು ಮಂದಿ ಎಂದು ಎಣಿಸಿದ. ಒಬ್ಬರೂ ಇರಲಿಲ್ಲ! ಸರಾಸರಿ ಮನುಷ್ಯನಿಗೆಂದು ಮಾಡಿದ ಕಾಕ್‌ಪಿಟ್ ಯಾರಿಗೂ ಮಾಡಿದ್ದಾಗಿರಲಿಲ್ಲ. ರವಿಕೆ ಹೊಲಿಸುವ ಯಾವ ಹೆಂಗಸನ್ನು ಕೇಳಿದ್ದರೂ ಇದನ್ನು ಹೇಳುತ್ತಿದ್ದಳು. ಎದೆಯಳತೆ ಒಂದೇ ಇದ್ದರೂ ಅಕ್ಕನ ರವಿಕೆ ತಂಗಿಗೆ ತೋಳಿನಲ್ಲಿ ಬಿಗಿ, ಬೆನ್ನಿನಲ್ಲಿ ಸಡಿಲ. ಆಮೇಲೆಯೇ ಆಸನ, ಪೆಡಲು, ಪಟ್ಟಿ ಎಲ್ಲವನ್ನೂ ಸರಿಸಿಕೊಳ್ಳುವ ಹಾಗೆ ಮಾಡಬೇಕೆಂಬ ಬುದ್ಧಿ ಗಟ್ಟಿಯಾದದ್ದು.

ಆದರೆ ಅಳೆಯಲು ಸಾಲಿನಲ್ಲಿ ನಿಂತವರೆಲ್ಲ ಗಂಡಸರೇ. 1967ರಲ್ಲಿ ಅಲ್ಲಿ ಮತ್ತೆ ಅಳೆದಾಗಲೂ ಗಂಡಸು ಪೈಲಟ್‌ಗಳನ್ನೇ ಅಳೆದರು. ಆ ಪಟ್ಟಿ ಹಿಡಿದುಕೊಂಡೇ ದಶಕಗಳ ಕಾಲ ಕಾಕ್‌ಪಿಟ್‌ಗಳು ಬಂದವು. ಹೆಂಗಸರನ್ನೂ ಸೇರಿಸಿ ಹೊಸ ಅಳತೆಗಳಿಗೆ ತಕ್ಕಂತೆ ಮುಂದಿನ ವಿಮಾನಗಳಾಗಬೇಕು ಎಂದು ಅಲ್ಲಿನ ವಾಯುಪಡೆ ಹೇಳಿದ್ದು 2020ರಲ್ಲಿ.

ಹೆಂಗಸರು ಹಾರದೇ ಇದ್ದರೆಂದಲ್ಲ. ಸರಳಾ ಠುಕ್ರಾಲ್ ಸೀರೆಯುಟ್ಟು ಜಿಪ್ಸಿ ಮಾತ್ ವಿಮಾನ ಹಾರಿಸಿ ಪರವಾನಗಿ ಪಡೆದದ್ದು 1936ರಲ್ಲಿ. ನಮ್ಮ ಜಕ್ಕೂರಿನ ಹಾರಾಟ ಶಾಲೆಯಿಂದ 1949ರಲ್ಲಿ ಉಷಾ ಸುಂದರಂ ತೇರ್ಗಡೆಯಾದರು. ಯುದ್ಧವಿಮಾನದ ಬಾಗಿಲು ಮಾತ್ರ ತೆರೆದದ್ದು ತಡವಾಗಿ. 2016ರ ಜೂನ್ 18ರಂದು ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಎಂಬ ಮೂವರು ಹುಡುಗಿಯರು ಆ ದಳಕ್ಕೆ ಸೇರಿದರು. ಅವರು ಹಾಕ್ ವಿಮಾನದಲ್ಲಿ ಕಲಿತದ್ದು ನಮ್ಮ ಬೀದರಿನಲ್ಲೇ. ಅವನಿ 2018ರಲ್ಲಿ ಒಬ್ಬಳೇ ಹಾರಿಸಿದ್ದು ಹಿಂದೆ ಕಾಣದ ಆ ಮಿಗ್-21 ಅನ್ನೇ. ಮೋಹನಾ 2024ರಲ್ಲಿ ತೇಜಸ್ ದಳಕ್ಕೆ ಬಂದಳು. ನಕ್ಷೆಯ ಮೇಲೆ ತೇಜಸ್ ರೂಪುಗೊಳ್ಳುತ್ತಿದ್ದ ಎಂಬತ್ತು, ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ಒಬ್ಬಳೂ ಯುದ್ಧವಿಮಾನದ ಪೈಲಟ್ ಇರಲಿಲ್ಲ ಎಂಬುದನ್ನು ನೆನೆದರೆ, ಅವಳು ಕೂತ ಜಾಗ ಸಣ್ಣದಲ್ಲ ಅನಿಸುತ್ತದೆ.

ನಮ್ಮ ಬೀದಿಯಲ್ಲಿಯೂ ಹಾರಬೇಕೆನ್ನುವವಳು ಒಬ್ಬಳಿದ್ದಾಳೆ. ಪಕ್ಕದ ಮನೆಯ ಹುಡುಗಿ, ಎರಡನೆಯ ಪಿ.ಯು.ಸಿ. ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಆದಾಗಿನಿಂದ ಅವಳ ತಲೆ ಆಕಾಶದಲ್ಲೇ. ಖಡಕವಾಸಲಾದ ರಕ್ಷಣಾ ಅಕಾಡೆಮಿಗೆ 2022ರಿಂದ ಹುಡುಗಿಯರನ್ನೂ ತೆಗೆದುಕೊಳ್ಳುತ್ತಿದ್ದಾರೆ, ಮೊದಲ ತಂಡದ ಹದಿನೇಳು ಮಂದಿ 2025ರ ಮೇ ತಿಂಗಳಲ್ಲಿ ಹೊರಬಂದರು. ಅದೆಲ್ಲ ಅವಳಿಗೆ ಬಾಯಿಪಾಠ. ಒಂದು ಭಾನುವಾರ ತಾಯಿಯ ಹೊಲಿಗೆ ಟೇಪು ಹಿಡಿದು ನಮ್ಮ ಮನೆಗೆ ಬಂದಳು. 'ಆಂಟಿ, ಸ್ವಲ್ಪ ಅಳೆದು ಕೊಡ್ತೀರಾ? ಅಮ್ಮ ಅಳೆದರೆ ಕೈ ನಡುಗಿಸ್ತಾಳೆ.'

ವಾಯುಪಡೆಯ ಹಾರಾಟ ಶಾಖೆಯ ಪ್ರಕಟಣೆಗಳಲ್ಲಿ ಬಹುಕಾಲದಿಂದ ಕಾಣುವ ಎತ್ತರ 162.5 ಸೆಂಟಿಮೀಟರ್. ಅದಲ್ಲದೆ ಕೂತಾಗಿನ ಎತ್ತರ ಬೇರೆ: 81.5ಕ್ಕಿಂತ ಕಡಿಮೆ ಇರಬಾರದು, 96ಕ್ಕಿಂತ ಹೆಚ್ಚಿರಬಾರದು. ತೊಡೆಯ ಉದ್ದ 64 ದಾಟಬಾರದು. ಇದೆಲ್ಲ ಸುಮ್ಮನೆ ಮಾಡಿದ ನಿಯಮವಲ್ಲ. ಕೂತಾಗ ತೀರ ಗಿಡ್ಡವಾದರೆ ಕಣ್ಣು ಆ ಜಾಗಕ್ಕೆ ಏರುವುದಿಲ್ಲ, ಉದ್ದವಾದರೆ ತಲೆ ಗಾಜಿಗೆ ತಾಗುತ್ತದೆ, ತೊಡೆ ಉದ್ದವಾದರೆ ಆಸನ ಚಿಮ್ಮುವಾಗ ಮಂಡಿ ಎದುರಿನ ಚೌಕಟ್ಟಿಗೆ ಬಡಿಯುತ್ತದೆ. ಇರುವ ವಿಮಾನಕ್ಕೆ ಹೊಂದುವವರನ್ನು ಆರಿಸಲೇಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ಜೀವ ಉಳಿಸುವ ಮಾತು. ಆದರೆ ಆ ಹಾಸಿಗೆಯನ್ನು ನೇಯುವ ದಿನ ಯಾರ ಕಾಲನ್ನು ಅಳೆದರು ಎಂಬುದನ್ನು ಗಾದೆ ಹೇಳುವುದಿಲ್ಲ.

ಹುಡುಗಿಯನ್ನು ಗೋಡೆಗೆ ಬೆನ್ನು ಕೊಟ್ಟು ಮಣೆಯ ಮೇಲೆ ಕೂರಿಸಿ, ತಲೆಯ ಮೇಲೆ ನೋಟ್‌ಬುಕ್ ಇಟ್ಟು, ಮಣೆಯಿಂದ ಮೇಲಕ್ಕೆ ಅಳೆದೆ. 82.5 ಬಂತು. 'ಪಾಸ್!' ಎಂದು ಕೂಗಿದಳು. ನಿಂತಾಗ 161. ಒಂದೂವರೆ ಸೆಂಟಿಮೀಟರ್ ಕಡಿಮೆ. ಅವಳು ಮಾತಾಡಲಿಲ್ಲ. ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡಿದಳು. 'ಇನ್ನೂ ಹದಿನೇಳು ಕಣೇ, ಬೆಳೀತೀಯ' ಎಂದೆ. ಬಾಗಿಲಲ್ಲಿ ನಿಂತಿದ್ದ ಅವಳ ಅಜ್ಜಿ, 'ಕಣ್ಣು ಎಷ್ಟು ಚೆನ್ನಾಗಿದೆ ಅಂತ ಬೆನ್ನು ಅಳೆದು ಹೇಳ್ತಾರಾ ಈ ಕಾಲದಲ್ಲಿ?' ಎಂದರು.

ಅಂದು ರಾತ್ರಿ ತಂಗಿಯ ಮಗಳಿಗೆ ಫೋನ್ ಮಾಡಿದೆ. ಅವಳು ಸಮಾಧಾನದ ಮಾತು ಹೇಳಲಿಲ್ಲ. 'ಈಗಿರೋ ವಿಮಾನಕ್ಕೆ ಅವಳೇ ಹೊಂದಬೇಕು ದೊಡ್ಡಮ್ಮ, ಅದರಲ್ಲಿ ರಿಯಾಯ್ತಿ ಇಲ್ಲ. ರಿಯಾಯ್ತಿ ಕೊಟ್ಟರೆ ಅವಳಿಗೇ ಅಪಾಯ. ಆದರೆ ಇವತ್ತು ನಕ್ಷೆಯಲ್ಲಿರೋದು ಇಪ್ಪತ್ತು ವರ್ಷ ಆದಮೇಲೆ ಹಾರುತ್ತೆ. ಅದರ ಅಳತೆ ತೆಗೆಯೋವಾಗ ಅವಳಂಥವರೂ ಸಾಲಿನಲ್ಲಿ ನಿಂತಿರಬೇಕು. ನಿಲ್ಲಿಸಿದ್ದಾರಾ ಅಂತ ಕೇಳೋದಕ್ಕೆ ನಮ್ಮಂಥವರು ಕೋಣೆಯೊಳಗೆ ಇರಬೇಕು. ಹಾರೋಕಾಗದಿದ್ದರೆ ಇಲ್ಲಿಗೆ ಬಾ ಅನ್ನಿ ಅವಳಿಗೆ.'

ನಾನು ಹುಡುಗಿಗೆ ಹಾಗೆಯೇ ಹೇಳಿದೆ. ಅವಳು ಗಂಭೀರವಾಗಿ ಕೇಳಿಸಿಕೊಂಡು, 'ಮೊದಲು ಹಾರ್ತೀನಿ ಆಂಟಿ, ನಕ್ಷೆ ಆಮೇಲೆ' ಎಂದಳು. ಎತ್ತರ ಬೆಳೆಯಲು ಅವಳಿಗೆ ಯಾರೋ ಉಪಾಯ ಹೇಳಿಕೊಟ್ಟಿದ್ದಾರೆ. ದಿನಾ ಸಂಜೆ ಬಂದು ನಮ್ಮ ಹಿತ್ತಿಲ ಪೇರಲೆ ಮರದ ಕೊಂಬೆಗೆ ಹತ್ತು ನಿಮಿಷ ಜೋತುಬೀಳುತ್ತಾಳೆ. ಅವಳು ಬೆಳೆದಳೋ ಇಲ್ಲವೋ, ಕೊಂಬೆ ಮಾತ್ರ ನಾಲ್ಕು ಬೆರಳು ಬಾಗಿದೆ. ಇವರು ಬೈಯುತ್ತಾರೆ, ಈ ಸಲ ಕಾಯಿ ಬಿಡುವುದಿಲ್ಲ ಎನ್ನುತ್ತಾರೆ. ನಾನೇನೂ ಅನ್ನುವುದಿಲ್ಲ.